ಎರಡು ಲೈನು, ಒಂದೇ ದಾರಿ

ಲಿನಕ್ಸ್ ಯಂತ್ರವೊಂದಕ್ಕೆ ಎರಡೋ ಮೂರೋ ನೆಟ್‌ವರ್ಕ್ ಇಂಟರ್‌ಫೇಸ್‌ಗಳಿದ್ದಾಗ, ಹೊರಡುವ ಪ್ಯಾಕೆಟ್ ಯಾವುದರಿಂದ ಹೋಗಬೇಕೆಂದು ತೀರ್ಮಾನಿಸುವುದು ಅದರ ರೂಟಿಂಗ್ ಪಟ್ಟಿ. ಹಿಂಬದಿಯಲ್ಲಿ ಎಷ್ಟು ತಂತಿ ಸಿಕ್ಕಿಸಿದೆ, ಯಾವ ತಂತಿಗೆ ತಿಂಗಳಿಗೆ ಎಷ್ಟು ದುಡ್ಡು ಕಟ್ಟಲಾಗುತ್ತಿದೆ ಎಂಬುದೆಲ್ಲ ಆ ಪಟ್ಟಿಗೆ ಗೊತ್ತಿರುವುದಿಲ್ಲ. ಇದನ್ನು ಮರೆತು ಒಂದು ನಂಬಿಕೆ ಎಲ್ಲೆಡೆ ಬೇರೂರಿದೆ: ಎರಡು ಕಂಪನಿಗಳಿಂದ ಎರಡು ಲೈನ್ ತೆಗೆದುಕೊಂಡು ಎರಡನ್ನೂ ಯಂತ್ರಕ್ಕೆ ಸಿಕ್ಕಿಸಿದರೆ ಮುಗಿಯಿತು; ಒಂದು ಹೋದರೆ ಇನ್ನೊಂದು ತಾನಾಗಿ ಕೆಲಸ ವಹಿಸಿಕೊಳ್ಳುತ್ತದೆ; ಎರಡೂ ನೆಟ್ಟಗಿದ್ದಾಗ ವೇಗ ದುಪ್ಪಟ್ಟಾಗುತ್ತದೆ. ಕನೆಕ್ಷನ್ ಮಾರುವವರು ಇದನ್ನೇ ಹೇಳುತ್ತಾರೆ, ಕೊಳ್ಳುವವರು ಇದನ್ನೇ ಕೇಳಲು ಬಯಸುತ್ತಾರೆ, ನಡುವೆ ಯಂತ್ರ ಜೋಡಿಸಿಕೊಡುವವರು ತಲೆಯಾಡಿಸುತ್ತಾರೆ. ಆದರೆ ಇಂಟರ್‌ಫೇಸ್ ಎಂಬುದು ದಾರಿಯಲ್ಲ. ದಾರಿ ಹುಟ್ಟುವುದು ಅದಕ್ಕೊಂದು ನಿಯಮ ಬರೆದಾಗ, ಮತ್ತು ಹೋದ ಪ್ಯಾಕೆಟ್‌ಗೆ ಉತ್ತರ ಮರಳಿ ಬಂದಾಗ.

ಗೋವಾದಲ್ಲಿ ಈ ನಂಬಿಕೆಗೆ ಗಿರಾಕಿ ಹೆಚ್ಚು, ಕಾರಣವೂ ಸ್ಪಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಪಟ್ಟು ಬಿಡುವುದಿಲ್ಲ. ತೆಂಗಿನ ಸೋಗೆಯೋ ಮಾವಿನ ಕೊಂಬೆಯೋ ತಂತಿಯ ಮೇಲೆ ಬೀಳದ ವಾರವಿರುವುದಿಲ್ಲ. ಫೈಬರ್ ಕೇಬಲ್ ಬಹಳಷ್ಟು ಕಡೆ ನೆಲದೊಳಗಿಲ್ಲ. ವಿದ್ಯುತ್ ಕಂಬದಿಂದ ಕಂಬಕ್ಕೆ ಜೋತುಬಿದ್ದಿದೆ. ರಸ್ತೆ ಅಗೆದಾಗ ನೆಲದೊಳಗಿನದೂ ತುಂಡಾಗುತ್ತದೆ. ಹಾಗಾಗಿ ಪಣಜಿ, ಪೊರ್ವೊರಿಮ್‌ಗಳ ಕಚೇರಿಗಳು, ಕಲಂಗುಟ್ ಕಡೆಯ ಅತಿಥಿಗೃಹಗಳು, ಬೆಂಗಳೂರು ಪುಣೆಗಳಿಂದ ಬಂದು ಹಳ್ಳಿಮನೆ ಬಾಡಿಗೆ ಹಿಡಿದು ಕಂಪನಿ ಕೆಲಸ ಮಾಡುವವರು ಒಂದು ಫೈಬರ್ ಲೈನಿನ ಜೊತೆಗೆ ಮತ್ತೊಂದು ಕಂಪನಿಯ ಫೈಬರನ್ನೋ 4ಜಿ, 5ಜಿ ರೂಟರನ್ನೋ ಇಟ್ಟುಕೊಳ್ಳುತ್ತಾರೆ. ಎರಡನೆಯ ಲೈನ್ ಬೇಕೆಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಅದನ್ನು ಸಿಕ್ಕಿಸಿದೊಡನೆ ಕೆಲಸ ಮುಗಿಯಿತೆಂಬುದರಲ್ಲಿ.

ಯಂತ್ರ ನಿಜಕ್ಕೂ ಏನು ಮಾಡುತ್ತದೆಂದು ಮೊದಲು ನೋಡಬೇಕು. ಪ್ಯಾಕೆಟ್ ಹೊರಡುವಾಗ ಕರ್ನಲ್ ಅದು ತಲುಪಬೇಕಾದ ವಿಳಾಸವನ್ನು ಪಟ್ಟಿಯ ಸಾಲುಗಳೊಂದಿಗೆ ತಾಳೆ ಹಾಕುತ್ತದೆ. ಹೆಚ್ಚು ನಿರ್ದಿಷ್ಟವಾಗಿ ಹೊಂದುವ ಸಾಲು ಗೆಲ್ಲುತ್ತದೆ. ಯಾವುದೂ ಹೊಂದದಿದ್ದರೆ ಡೀಫಾಲ್ಟ್ ಸಾಲು. ಎರಡು ಡೀಫಾಲ್ಟ್ ಸಾಲುಗಳಿದ್ದರೆ ಮೆಟ್ರಿಕ್ ಕಡಿಮೆ ಇರುವುದು ಗೆಲ್ಲುತ್ತದೆ. ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ತಂತ್ರಾಂಶ ತಾನಾಗಿ ಕೊಡುವ ಮೆಟ್ರಿಕ್ ಈತರ್ನೆಟ್‌ಗೆ 100, ವೈಫೈಗೆ 600, ಮೊಬೈಲ್ ಡಾಂಗಲ್‌ಗೆ 700. ಇಲ್ಲಿ 100ರದ್ದು ಇರುವ ತನಕ 700ರದ್ದಕ್ಕೆ ಒಂದು ಪ್ಯಾಕೆಟ್ ಕೂಡ ದಕ್ಕುವುದಿಲ್ಲ. ಏಳನೆಯ ಒಂದು ಪಾಲು ಸಿಗುತ್ತದೆಂದು ತಿಳಿದವರೂ ಉಂಟು. ಮೆಟ್ರಿಕ್ ಪಾಲು ಹಂಚುವ ಸಂಖ್ಯೆಯಲ್ಲ, ಸರದಿಯ ಸಂಖ್ಯೆ.

ಹಾಗಾದರೆ ಮೊದಲನೆಯದು ಸತ್ತಾಗ ಎರಡನೆಯದರ ಸರದಿ ಬರಬೇಕಲ್ಲವೇ? ಬರಬೇಕು, ಆದರೆ ಸತ್ತಿದೆಯೆಂದು ಯಂತ್ರಕ್ಕೆ ಯಾರು ಹೇಳಬೇಕು? ತಂತಿಯನ್ನೇ ಕಿತ್ತರೂ ಕರ್ನಲ್ ತಾನಾಗಿ ಆ ಸಾಲನ್ನು ಅಳಿಸುವುದಿಲ್ಲ. ಲಿಂಕ್ ಬಿದ್ದಿದೆ ಎಂದು ಗುರುತು ಹಾಕಿಕೊಂಡು, ಬಿದ್ದ ದಾರಿಯನ್ನು ಕಡೆಗಣಿಸು ಎಂಬ ಸೆಟ್ಟಿಂಗ್ ಇಲ್ಲದಿದ್ದರೆ ಅದನ್ನೇ ಬಳಸುತ್ತಿರುತ್ತದೆ. ಸಾಲನ್ನು ತೆಗೆಯುವುದು ನೆಟ್‌ವರ್ಕ್‌ಮ್ಯಾನೇಜರ್‌ನಂಥ ಮೇಲಿನ ತಂತ್ರಾಂಶ. ಅದಕ್ಕೂ ಕಾಣುವುದು ತನ್ನ ಗೋಡೆಯ ತನಕದ ತಂತಿ ಮಾತ್ರ. ಗೋವಾದಲ್ಲಿ ಲೈನ್ ಹೋಗುವುದು ಗೋಡೆಯ ಈಚೆಗಲ್ಲ, ಎರಡು ಕಿಲೋಮೀಟರ್ ಆಚೆಗಿನ ಕಂಬದಲ್ಲಿ. ಮನೆಯೊಳಗಿನ ಫೈಬರ್ ಪೆಟ್ಟಿಗೆಗೆ ಕರೆಂಟಿದೆ, ಅದರಿಂದ ಕಂಪ್ಯೂಟರಿಗೆ ಬರುವ ತಂತಿಯ ದೀಪ ಹಸಿರಾಗಿಯೇ ಉರಿಯುತ್ತಿದೆ, 192.168ರಿಂದ ಶುರುವಾಗುವ ವಿಳಾಸವೂ ಸಿಕ್ಕಿದೆ. ಲಿನಕ್ಸ್‌ನ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಅದು ಪ್ಯಾಕೆಟ್‌ಗಳನ್ನು ಸತ್ತ ಲೈನಿಗೆ ಕಳಿಸುತ್ತಲೇ ಇರುತ್ತದೆ. ಪಕ್ಕದಲ್ಲಿ ಎರಡನೆಯ ಲೈನ್ ಖಾಲಿ ಕೂತಿರುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ ನೆಟ್‌ವರ್ಕ್‌ಮ್ಯಾನೇಜರ್‌ನ ಸಂಪರ್ಕ ಪರೀಕ್ಷೆ ಚಾಲ್ತಿಯಲ್ಲಿದ್ದರೆ, ಹೊರಜಗತ್ತು ಸಿಗದ ಲೈನಿನ ಮೆಟ್ರಿಕ್‌ಗೆ ಅದು 20000 ಕೂಡಿಸಿ ಹಿಂದಕ್ಕೆ ತಳ್ಳುತ್ತದೆ. ಒಳ್ಳೆಯ ಏರ್ಪಾಡು. ಕಚೇರಿಯ ಸರ್ವರ್‌ಗಳಲ್ಲಿ ಹಲವೆಡೆ ಆ ತಂತ್ರಾಂಶವೇ ಇರುವುದಿಲ್ಲ, ಇದ್ದರೂ ಸಾಮಾನ್ಯವಾಗಿ ಪರೀಕ್ಷೆ ಆರಿಸಿಟ್ಟಿರುತ್ತದೆ.

ಇಂಥ ನಂಬಿಕೆ ಎಲ್ಲಿಂದ ಬಂತೆಂಬುದಕ್ಕೆ ಒಂದು ಇತಿಹಾಸವಿದೆ. ಲಿನಕ್ಸ್ ಪೆಟ್ಟಿಗೆಗೆ ಎರಡು ಕಾರ್ಡ್ ಹಾಕುವ ರೂಢಿ ಶುರುವಾದದ್ದು ಒಳಗಿಗೊಂದು ಹೊರಗಿಗೊಂದು ಎಂಬ ಲೆಕ್ಕದಲ್ಲಿ. 2000ದ ದಶಕದ ಆರಂಭದಲ್ಲಿ ಗೋವಾ ಸ್ಕೂಲ್ಸ್ ಕಂಪ್ಯೂಟರ್ಸ್ ಪ್ರಾಜೆಕ್ಟ್ ಮರುಬಳಕೆಯ ಕಂಪ್ಯೂಟರುಗಳಿಗೆ ಲಿನಕ್ಸ್ ತುಂಬಿ ಶಾಲೆಗಳಿಗೆ ಕೊಟ್ಟ ಕಾಲದ ಪದ್ಧತಿಗಳನ್ನು ನೆನೆದರೆ ಸಾಕು. ಆಗಿನ ಥಿನ್ ಕ್ಲೈಂಟ್ ಲ್ಯಾಬ್‌ನಲ್ಲಿ ಸರ್ವರ್‌ನ ಒಂದು ಕಾರ್ಡ್ ಲ್ಯಾಬಿನ ಕಡೆಗೆ, ಇನ್ನೊಂದು ಹೊರಗಿನ ಮೋಡೆಮ್ ಅಥವಾ ಬ್ರಾಡ್‌ಬ್ಯಾಂಡ್ ಕಡೆಗೆ ಇರುವುದು ವಾಡಿಕೆ. ಸರ್ಕಾರಿ ಕಚೇರಿಗಳನ್ನೂ ಪಂಚಾಯತ್‌ಗಳನ್ನೂ ಒಂದೇ ಜಾಲಕ್ಕೆ ತಂದ ಗೋವಾ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್‌ನ ಒಂದು ಇಂಟರ್‌ಫೇಸ್, ಖಾಸಗಿ ಇಂಟರ್ನೆಟ್‌ನ ಇನ್ನೊಂದು ಇಂಟರ್‌ಫೇಸ್ ಇರುವ ಯಂತ್ರವೂ ಇದೇ ಜಾತಿಯದು. ಇಂಥ ಕಡೆ ತಲುಪಬೇಕಾದ ವಿಳಾಸವೇ ದಾರಿ ಹೇಳುತ್ತದೆ: ಒಳಜಾಲದ ವಿಳಾಸವಾದರೆ ಈ ಕಾರ್ಡ್, ಮಿಕ್ಕದ್ದೆಲ್ಲ ಆ ಕಾರ್ಡ್. ಒಂದೋ ಎರಡೋ ಸ್ಥಿರ ಸಾಲು ಬರೆದರೆ ವರ್ಷಗಟ್ಟಲೆ ನಡೆಯುತ್ತದೆ. ಅದು ನಡೆದದ್ದನ್ನು ಕಂಡವರು, ಎರಡು ಕಾರ್ಡ್ ಎಂದರೆ ಲಿನಕ್ಸ್ ತಾನೇ ನೋಡಿಕೊಳ್ಳುತ್ತದೆಂಬ ಪಾಠ ಕಲಿತರು.

ಎರಡೂ ಕಾರ್ಡ್‌ಗಳು ಹೊರಗೆ ಮುಖ ಮಾಡಿದೊಡನೆ ಆ ಪಾಠ ಮುರಿದುಬೀಳುತ್ತದೆ. ಜಗತ್ತಿನ ಪ್ರತಿಯೊಂದು ವಿಳಾಸವನ್ನೂ ಈಗ ಎರಡು ಕಡೆಯಿಂದಲೂ ಮುಟ್ಟಬಹುದು. ಆದ್ದರಿಂದ ತಲುಪಬೇಕಾದ ವಿಳಾಸ ದಾರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೇಳಬಲ್ಲದ್ದು ಹೊರಟ ವಿಳಾಸ, ಅಥವಾ ಯಾವ ಕೆಲಸಕ್ಕೆ ಹೊರಟಿತೆಂಬ ಗುರುತು. ವಿಳಾಸ ನೋಡಿ ದಾರಿ ಹೇಳುವ ಹಳೆಯ ಪಟ್ಟಿಗೆ ಇವೆರಡೂ ಕಾಣುವುದಿಲ್ಲ.

ಪಣಜಿಯ ಒಂದು ಕಚೇರಿಯ ಸರ್ವರ್ ಎಂದಿಟ್ಟುಕೊಳ್ಳಬಹುದು. ಫೈಬರ್ ಕಡೆಯ ವಿಳಾಸ 203.0.113.10, ಇನ್ನೊಂದು ಕಂಪನಿಯ ಲೈನಿನ ಕಡೆಯ ವಿಳಾಸ 198.51.100.20. ಎರಡೂ ಉದಾಹರಣೆಗೆಂದೇ ಮೀಸಲಿಟ್ಟ ಸರಣಿಗಳಿಂದ ತೆಗೆದವು. ಡೀಫಾಲ್ಟ್ ದಾರಿ ಫೈಬರ್. ಬೆಳಗಾವಿಯ ಗಿರಾಕಿಯೊಬ್ಬ 198.51.100.20ಕ್ಕೆ ಸಂಪರ್ಕ ಕೇಳುತ್ತಾನೆ. ಅವನ ಪ್ಯಾಕೆಟ್ ಎರಡನೆಯ ಲೈನಿನಿಂದ ಒಳಬರುತ್ತದೆ. ಸರ್ವರ್ ಉತ್ತರ ಸಿದ್ಧ ಮಾಡುತ್ತದೆ. ಉತ್ತರದ ಮೇಲೆ ಹೊರಟ ವಿಳಾಸ 198.51.100.20, ತಲುಪಬೇಕಾದ್ದು ಬೆಳಗಾವಿ. ಪಟ್ಟಿಯ ಪ್ರಕಾರ ಬೆಳಗಾವಿಗೆ ದಾರಿ ಫೈಬರ್. ಹಾಗಾಗಿ ಎರಡನೆಯ ಲೈನಿನ ವಿಳಾಸ ಹೊತ್ತ ಪ್ಯಾಕೆಟ್ ಮೊದಲನೆಯ ಲೈನಿನಿಂದ ಹೊರಡುತ್ತದೆ. ಫೈಬರ್ ಕಂಪನಿ ಅದನ್ನು ನೋಡಿ, ಈ ವಿಳಾಸ ತಾನು ಕೊಟ್ಟದ್ದಲ್ಲ ಎಂದು ಎಸೆಯುತ್ತದೆ. ಎಸೆಯುವುದೇ ಸರಿ, ಸುಳ್ಳು ವಿಳಾಸದ ದಾಳಿಗಳನ್ನು ತಡೆಯಲು 2000ದ ಮೇ ತಿಂಗಳ ಆರ್‌ಎಫ್‌ಸಿ 2827 ಶಿಫಾರಸು ಮಾಡಿದ್ದೇ ಅದನ್ನು. ಬೆಳಗಾವಿಯಲ್ಲಿ ಪುಟ ತೆರೆಯುವುದಿಲ್ಲ. ಪಣಜಿಯಲ್ಲಿ ಎರಡೂ ದೀಪ ಹಸಿರು. ದೂರು ಹೋಗುವುದು ಎರಡನೆಯ ಲೈನಿನ ಕಂಪನಿಗೆ, ಅದರ ತಪ್ಪು ಇದರಲ್ಲಿ ಏನೇನೂ ಇಲ್ಲದಿದ್ದರೂ.

ಎಷ್ಟೋ ಯಂತ್ರಗಳಲ್ಲಿ ವಿಷಯ ಅಲ್ಲಿಯವರೆಗೂ ಹೋಗುವುದಿಲ್ಲ. ಆರ್‌ಪಿ ಫಿಲ್ಟರ್ ಎಂಬ ಕಾವಲು ಕಠಿಣ ಕ್ರಮದಲ್ಲಿದ್ದರೆ, ಅಂದರೆ ಅದರ ಬೆಲೆ 1 ಇದ್ದರೆ, ಬಂದ ಪ್ಯಾಕೆಟ್‌ಗೆ ಉತ್ತರ ಕೊಡಬೇಕಾದ ದಾರಿ ಅದು ಬಂದ ದಾರಿಯೇ ಅಲ್ಲವೆಂದು ಕಂಡೊಡನೆ ಕರ್ನಲ್ ಪ್ಯಾಕೆಟ್ಟನ್ನು ಬಾಗಿಲಲ್ಲೇ ಕೈಬಿಡುತ್ತದೆ. ಸಾಮಾನ್ಯವಾಗಿ ಲಾಗ್‌ನಲ್ಲಿ ಸುಳಿವೂ ಉಳಿಯುವುದಿಲ್ಲ. ಇದಕ್ಕೆ ಚಾಲ್ತಿಯಲ್ಲಿರುವ ಮದ್ದು ಆ ಕಾವಲನ್ನು ಸೊನ್ನೆಗಿಳಿಸುವುದು. ಮದ್ದು ಹೇಳುವವರು ಪ್ಯಾಕೆಟ್ ಒಳಬಂದದ್ದನ್ನು ತೋರಿಸಿ ಗೆದ್ದೆವೆನ್ನುತ್ತಾರೆ. ಉತ್ತರ ಇನ್ನೂ ತಪ್ಪು ಲೈನಿನಿಂದಲೇ ಹೋಗುತ್ತಿರುತ್ತದೆ. ಕಾವಲು ಕಂಡುಹಿಡಿದ ತಪ್ಪನ್ನು ತಿದ್ದುವ ಬದಲು ಕಾವಲನ್ನೇ ಮನೆಗೆ ಕಳಿಸಿದ್ದಷ್ಟೇ ಲಾಭ.

ತಿದ್ದುವ ಸಾಧನ ಹೊಸದೇನಲ್ಲ. 1999ರ ಜನವರಿಯಲ್ಲಿ ಬಂದ ಲಿನಕ್ಸ್ 2.2ರಿಂದಲೇ ಪಾಲಿಸಿ ರೂಟಿಂಗ್ ಕೈಗೆ ಸಿಕ್ಕಿದೆ. ಅದನ್ನು ನಡೆಸುವ ಐಪಿರೂಟ್2 ಸಲಕರಣೆಯನ್ನು ಬರೆದವರು ಅಲೆಕ್ಸಿ ಕುಜ್ನೆಟ್ಸೊವ್. ಇದರಲ್ಲಿ ಪಟ್ಟಿ ಒಂದಲ್ಲ, ಬೇಕಾದಷ್ಟು. ಯಾವ ಪ್ಯಾಕೆಟ್ ಯಾವ ಪಟ್ಟಿ ನೋಡಬೇಕೆಂದು ಹೇಳುವ ನಿಯಮಗಳ ಸಾಲು ಬೇರೆ. ಏನನ್ನೂ ಮುಟ್ಟದ ಯಂತ್ರದಲ್ಲೂ ಮೂರು ನಿಯಮಗಳಿರುತ್ತವೆ: 0ಯಲ್ಲಿ ಲೋಕಲ್ ಪಟ್ಟಿ, 32766ರಲ್ಲಿ ಮೇನ್, 32767ರಲ್ಲಿ ಡೀಫಾಲ್ಟ್. ಪಣಜಿಯ ಸರ್ವರ್‌ಗೆ ಬೇಕಾದ್ದು ಇಷ್ಟು. ಫೈಬರಿನ ಗೇಟ್‌ವೇ ಮಾತ್ರ ಇರುವ ಒಂದು ಪಟ್ಟಿ, ಎರಡನೆಯ ಲೈನಿನ ಗೇಟ್‌ವೇ ಮಾತ್ರ ಇರುವ ಇನ್ನೊಂದು, 203.0.113.10ರಿಂದ ಹೊರಟದ್ದು ಮೊದಲ ಪಟ್ಟಿ ನೋಡಲಿ, 198.51.100.20ರಿಂದ ಹೊರಟದ್ದು ಎರಡನೆಯದನ್ನು ನೋಡಲಿ ಎಂಬ ಎರಡು ನಿಯಮ. ಈಗ ಆರ್‌ಪಿ ಫಿಲ್ಟರ್ ಕಠಿಣವಾಗಿದ್ದರೂ ಬೆಳಗಾವಿಯ ಪ್ಯಾಕೆಟ್ ಒಳಬರುತ್ತದೆ, ಏಕೆಂದರೆ ಆ ಕಾವಲು ಮರುದಾರಿ ಹುಡುಕುವಾಗ ಈ ನಿಯಮಗಳನ್ನೂ ಓದುತ್ತದೆ. ಕಾವಲು ಇಳಿಸಬೇಕೆಂಬ ಸಲಹೆ ಎಷ್ಟು ಟೊಳ್ಳೆಂಬುದಕ್ಕೆ ಬೇರೆ ಪುರಾವೆ ಬೇಡ.

ಇದರಲ್ಲೂ ಎಡವುವ ಜಾಗಗಳಿವೆ. ಹೊಸ ಪಟ್ಟಿಗಳಲ್ಲಿ ಗೇಟ್‌ವೇ ಮಾತ್ರ ಬರೆದು ಪಕ್ಕದ ಲೋಕಲ್ ಜಾಲದ ಸಾಲನ್ನು ಮರೆತರೆ, ಅದೇ ಕೋಣೆಯ ಪ್ರಿಂಟರ್‌ಗೆ ಹೋಗಬೇಕಾದದ್ದೂ ಗೇಟ್‌ವೇ ಕಡೆಗೆ ಓಡುತ್ತದೆ. ಮೇನ್ ಪಟ್ಟಿಯನ್ನು ಮೊದಲು ನೋಡು, ಆದರೆ ಅದರ ಡೀಫಾಲ್ಟ್ ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳುವ ಸಪ್ರೆಸ್ ಪ್ರಿಫಿಕ್ಸ್‌ಲೆಂತ್ ನಿಯಮ ಇರುವುದು ಇದಕ್ಕಾಗಿಯೇ. ಸರ್ವರ್ ತಾನಾಗಿ ಶುರು ಮಾಡುವ ಸಂಪರ್ಕಗಳಿಗೆ ಹೊರಡುವ ಹೊತ್ತಿನಲ್ಲಿ ವಿಳಾಸವೇ ನಿಗದಿಯಾಗಿರುವುದಿಲ್ಲ. ಅವು ಮೇನ್ ಪಟ್ಟಿಯನ್ನೇ ನೋಡುವುದರಿಂದ ಅಲ್ಲಿ ಡೀಫಾಲ್ಟ್ ಉಳಿದಿರಬೇಕು. ಯಂತ್ರ ತಾನೇ ಸರ್ವರ್ ಆಗಿರದೆ ಒಳಗಿನ ಕ್ಯಾಮೆರಾ, ಸರ್ವರ್‌ಗಳಿಗೆ ಸಂಪರ್ಕ ದಾಟಿಸುವ ರೂಟರ್ ಆಗಿದ್ದರೆ ಹೊರಟ ವಿಳಾಸದ ನಿಯಮ ಸಾಲದು. ಸಂಪರ್ಕ ಯಾವ ಲೈನಿನಿಂದ ಬಂತೋ ಅದರ ಗುರುತನ್ನು, ಸಂಪರ್ಕಗಳ ದಾಖಲೆ ಇಡುವ ಕಾನ್‌ಟ್ರ್ಯಾಕ್‌ನಲ್ಲಿ ಅಂಟಿಸಿ, ಉತ್ತರದ ಪ್ಯಾಕೆಟ್‌ಗೆ ಆ ಗುರುತನ್ನು ಮರಳಿ ಹಚ್ಚಿ, ಗುರುತು ನೋಡಿ ಪಟ್ಟಿ ಆರಿಸಬೇಕು. ಇನ್ನು ಎರಡನೆಯ ಲೈನ್ ಮೊಬೈಲಿನದ್ದಾಗಿದ್ದು ಅದರ ವಿಳಾಸ 100.64.0.0/10 ಸರಣಿಯದಾಗಿದ್ದರೆ ಈ ಪಾಡೆಲ್ಲ ವ್ಯರ್ಥ. ಅದು ಕಂಪನಿಯೊಳಗಿನ ಹಂಚಿಕೆಯ ವಿಳಾಸ. ಹೊರಗಿನವರು ಅದರ ಮೂಲಕ ಒಳಬರುವಂತೆಯೇ ಇಲ್ಲ. ಅತಿಥಿಗೃಹದ ಕ್ಯಾಮೆರಾಗಳು ಫೈಬರ್ ಹೋದಾಗಲೂ ಊರಿಂದ ಕಾಣುತ್ತವೆಂದು ಸಿಮ್ ರೂಟರ್ ಮಾರಿದವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಎರಡು ಕಾರ್ಡ್‌ಗಳನ್ನು ಒಂದೇ ಸ್ವಿಚ್‌ಗೆ ಸಿಕ್ಕಿಸುವುದು ಇನ್ನೊಂದು ಬಗೆಯ ಗೊಂದಲ. ವಿಳಾಸ ಕಾರ್ಡಿನದೆಂದು ಜನ ತಿಳಿದಿದ್ದಾರೆ. ಲಿನಕ್ಸ್‌ನಲ್ಲಿ ಅದು ಯಂತ್ರದ್ದು. 1989ರ ಆರ್‌ಎಫ್‌ಸಿ 1122 ಬಿಗಿ ಮಾದರಿ, ಸಡಿಲ ಮಾದರಿ ಎಂಬ ಎರಡಕ್ಕೂ ಅವಕಾಶ ಕೊಟ್ಟಿತ್ತು, ಲಿನಕ್ಸ್ ಸಡಿಲದ್ದನ್ನು ಆರಿಸಿಕೊಂಡಿತು. ಹಾಗಾಗಿ ಒಂದು ಕಾರ್ಡಿನ ವಿಳಾಸ ಯಾರದೆಂದು ಕೇಳಿದ ಎಆರ್‌ಪಿ ಪ್ರಶ್ನೆಗೆ ಇನ್ನೊಂದು ಕಾರ್ಡ್ ಉತ್ತರ ಕೊಟ್ಟುಬಿಡಬಹುದು. ಎಆರ್‌ಪಿ ಇಗ್ನೋರ್, ಎಆರ್‌ಪಿ ಅನೌನ್ಸ್ ಸೆಟ್ಟಿಂಗ್‌ಗಳು ಇದನ್ನು ಬಿಗಿಗೊಳಿಸುತ್ತವೆ. ಅದಕ್ಕಿಂತ ಮೊದಲು, ಒಂದೇ ಸ್ವಿಚ್‌ಗೆ ಎರಡು ಕಾರ್ಡ್ ಯಾಕೆ ಬೇಕಾಯಿತೆಂದು ವಿಚಾರಿಸುವುದು ಒಳ್ಳೆಯದು.

ಈಗ ವೇಗದ ಮಾತು. ಪಟ್ಟಿಯ ಒಂದೇ ಸಾಲಿನಲ್ಲಿ ಎರಡು ಗೇಟ್‌ವೇ ಬರೆದು, ಇದಕ್ಕಿಷ್ಟು ತೂಕ ಅದಕ್ಕಿಷ್ಟು ತೂಕ ಎಂದು ಹೇಳುವ ಮಲ್ಟಿಪಾತ್ ವಿಧಾನ ಎಲ್ಲ ಸಲಹೆಗಾರರ ನಾಲಗೆಯ ತುದಿಯಲ್ಲಿದೆ. ಅದರ ಮೂಲ ಬರ್ಟ್ ಹ್ಯೂಬರ್ಟ್ ಮತ್ತವರ ಸಂಗಡಿಗರ ಲಿನಕ್ಸ್ ಅಡ್ವಾನ್ಸ್ಡ್ ರೂಟಿಂಗ್ ಅಂಡ್ ಟ್ರಾಫಿಕ್ ಕಂಟ್ರೋಲ್ ಕೈಪಿಡಿ. ಆ ಕೈಪಿಡಿ ಪ್ರಾಮಾಣಿಕವಾಗಿತ್ತು. ದಾರಿಗಳು ಕ್ಯಾಶ್‌ನಲ್ಲಿ ಕೂರುವುದರಿಂದ ಹಂಚಿಕೆ ಸಮವಾಗದೆಂದು ಅದೇ ಎಚ್ಚರಿಸಿತ್ತು. ನಕಲು ಮಾಡಿದವರು ಆಜ್ಞೆಯನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಬಿಟ್ಟರು. ಅಷ್ಟರಲ್ಲಿ ಕರ್ನಲ್ಲೇ ಬದಲಾಯಿತು. 2012ರ ಲಿನಕ್ಸ್ 3.6ರಲ್ಲಿ ಐಪಿವಿ4ರ ರೂಟಿಂಗ್ ಕ್ಯಾಶ್ ತೆಗೆದುಹಾಕಲಾಯಿತು. ಅದರೊಂದಿಗೆ, ಒಂದು ಜೋಡಿ ವಿಳಾಸಗಳ ನಡುವಿನ ಮಾತು ಒಂದೇ ಲೈನಿಗೆ ಅಂಟಿಕೊಂಡಿರುತ್ತಿದ್ದ ಗುಣವೂ ಹೋಯಿತು. ದಾಟಿಹೋಗುವ ಟ್ರಾಫಿಕ್‌ನಲ್ಲಿ ಪ್ಯಾಕೆಟ್ ಪ್ಯಾಕೆಟ್ಟಿಗೂ ದಾರಿ ಬದಲಾಗುವ ಕಾಲ ಅದು. 2016ರ ಜನವರಿಯ 4.4ರಲ್ಲಿ ಹೊರಟ ಮತ್ತು ತಲುಪುವ ವಿಳಾಸಗಳ ಹ್ಯಾಶ್ ಲೆಕ್ಕದ ಮೇಲೆ ಲೈನ್ ಆರಿಸುವ ಪದ್ಧತಿ ಬಂತು. 2017ರ 4.12ರಲ್ಲಿ ಪೋರ್ಟ್ ಸಂಖ್ಯೆಗಳನ್ನೂ ಸೇರಿಸಿಕೊಳ್ಳುವ ಆಯ್ಕೆ ಬಂತು. ಅದೇ ಸಾಲು, ಮೂರು ಕಾಲದಲ್ಲಿ ಮೂರು ನಡತೆ. ಯಾವ ಕರ್ನಲ್ ಎಂದು ಕೇಳದೆ ಕೊಡುವ ಸಲಹೆಗೆ ಬೆಲೆ ಎಷ್ಟೆಂದು ಇದರಿಂದಲೇ ಅಳೆಯಬಹುದು.

ಇವತ್ತಿನ ಪದ್ಧತಿಯಲ್ಲಿ ಒಂದು ಸಂಪರ್ಕ ಒಂದೇ ಲೈನಿನಲ್ಲಿ ಹೋಗುತ್ತದೆ. ಒಬ್ಬ ವಿಡಿಯೋ ಸಂಪಾದಕಿ ದೊಡ್ಡ ಫೈಲೊಂದನ್ನು ಒಂದೇ ಸಂಪರ್ಕದಲ್ಲಿ ಮೇಲೇರಿಸುತ್ತಿದ್ದರೆ, 100 ಎಂಬಿಪಿಎಸ್‌ನ ಎರಡು ಲೈನ್‌ಗಳಿದ್ದರೂ ಅವಳಿಗೆ ಸಿಗುವುದು ಹೆಚ್ಚೆಂದರೆ 100. ದುಪ್ಪಟ್ಟಾಗುವುದು ಹತ್ತಾರು ಜನ ಒಟ್ಟಿಗೆ ಬಳಸುವಾಗಿನ ಮೊತ್ತ, ಅದೂ ಅದೃಷ್ಟ ನೆಟ್ಟಗಿದ್ದರೆ. ಏಕೆಂದರೆ ತೂಕ ಹಂಚುವುದು ಸಂಪರ್ಕಗಳ ಸಂಖ್ಯೆಯನ್ನು, ಅವುಗಳ ಗಾತ್ರವನ್ನಲ್ಲ. ಹೋಟೆಲಿನ ಇಬ್ಬರು ಅತಿಥಿಗಳ ಸಿನಿಮಾ ಒಂದೇ ಲೈನಿಗೆ ಬಿದ್ದು, ಇನ್ನೊಂದರಲ್ಲಿ ನೂರು ಪುಟ್ಟ ವಿಚಾರಣೆಗಳು ಮಾತ್ರ ಓಡಾಡಿದರೂ ಕರ್ನಲ್‌ನ ಲೆಕ್ಕದಲ್ಲಿ ಹಂಚಿಕೆ ನ್ಯಾಯವಾಗಿಯೇ ಇದೆ. ಪೋರ್ಟ್ ಸೇರಿಸಿದ ಹ್ಯಾಶ್ ಬಳಸಿದರೆ ಒಂದೇ ಬ್ಯಾಂಕಿನ ಒಂದೇ ಪುಟದ ಎರಡು ಸಂಪರ್ಕಗಳು ಎರಡು ಬೇರೆ ಸಾರ್ವಜನಿಕ ವಿಳಾಸಗಳಿಂದ ಹೋಗಬಹುದು. ವಿಳಾಸ ಬದಲಾದರೆ ಲಾಗಿನ್ ರದ್ದು ಮಾಡುವ ತಾಣ ಗ್ರಾಹಕನನ್ನು ಒಟಿಪಿಯ ನಡುವೆಯೇ ಹೊರಗಟ್ಟುತ್ತದೆ.

ಬಾಂಡಿಂಗ್ ಮಾಡಿದರಾಯಿತು ಎನ್ನುವವರೂ ಇದ್ದಾರೆ. ಬಾಂಡಿಂಗ್ ಎಂಬುದು ಎರಡು ತಂತಿಗಳನ್ನು ಒಂದೇ ಸ್ವಿಚ್‌ನ ಜೊತೆ ಕಟ್ಟುವ ವಿದ್ಯೆ. ಎರಡು ಬೇರೆ ಕಂಪನಿಗಳ ರೂಟರ್‌ಗಳಿಗೆ ಒಂದರ ವಿಷಯ ಇನ್ನೊಂದಕ್ಕೆ ಗೊತ್ತೇ ಇರುವುದಿಲ್ಲ. ಒಂದೇ ಸಂಪರ್ಕವನ್ನು ಎರಡು ದಾರಿಗಳಲ್ಲಿ ನಿಜವಾಗಿ ಸೀಳುವುದು ಮಲ್ಟಿಪಾತ್ ಟಿಸಿಪಿ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಲ್ಲಿ ಅದು ಮುಖ್ಯ ಕರ್ನಲ್‌ಗೆ ಸೇರತೊಡಗಿತು. ಆದರೆ ಆಚೆ ತುದಿಯ ಸರ್ವರ್ ಕೂಡ ಅದನ್ನು ಒಪ್ಪಬೇಕು, ಮತ್ತು ಸಾಮಾನ್ಯ ಬಳಕೆದಾರ ಹೋಗುವ ತಾಣಗಳಲ್ಲಿ ಬಹಳಷ್ಟು ಒಪ್ಪುವುದಿಲ್ಲ.

ಒಂದು ಲೈನ್ ಬಿದ್ದು ಇನ್ನೊಂದಕ್ಕೆ ಹೊರಳುವ ಗಳಿಗೆಯಲ್ಲಿ ಏನಾಗುತ್ತದೆಂಬುದನ್ನು ಈ ನಂಬಿಕೆಯ ಪ್ರಚಾರಕರು ಹೇಳುವುದೇ ಇಲ್ಲ. ಟಿಸಿಪಿ ಸಂಪರ್ಕವೊಂದರ ಗುರುತು ಎರಡು ವಿಳಾಸ, ಎರಡು ಪೋರ್ಟ್. ಲೈನ್ ಬದಲಾದರೆ ಹೊರಗೆ ಕಾಣುವ ವಿಳಾಸ ಬದಲಾಗುತ್ತದೆ, ಅಂದರೆ ನಡೆಯುತ್ತಿದ್ದ ಸಂಪರ್ಕ ಸತ್ತಂತೆ. ಸತ್ತದ್ದು ತಂತ್ರಾಂಶಕ್ಕೆ ಗೊತ್ತಾಗಲು ಹೊತ್ತು ಹಿಡಿಯುತ್ತದೆ: ಮರುಪ್ರಯತ್ನದ ಮಿತಿ 15 ಎಂಬ ಮೂಲ ಸೆಟ್ಟಿಂಗ್‌ನಲ್ಲಿ ಕರ್ನಲ್ ಸುಮಾರು 15 ನಿಮಿಷ ಹಟ ಬಿಡುವುದಿಲ್ಲ. ರೂಟರ್‌ನ ಕಾನ್‌ಟ್ರ್ಯಾಕ್ ಸ್ಥಾಪಿತ ಟಿಸಿಪಿ ಸಂಪರ್ಕವನ್ನು ನೆನಪಿಟ್ಟುಕೊಳ್ಳುವುದು 432000 ಸೆಕೆಂಡ್, ಐದು ದಿನ. ಇಂಟರ್ನೆಟ್ ಫೋನಿನ ಅವಸ್ಥೆ ಇನ್ನೂ ವಿಚಿತ್ರ. ಫೋನ್ ಆಗಾಗ ನಾನಿದ್ದೇನೆ ಎಂದು ಯುಡಿಪಿ ಪ್ಯಾಕೆಟ್ ಕಳಿಸುತ್ತಿರುತ್ತದೆ; ಪ್ರತಿ ಪ್ಯಾಕೆಟ್ಟೂ ಕಾನ್‌ಟ್ರ್ಯಾಕ್‌ನ ಹಳೆಯ ದಾಖಲೆಗೆ ಹೊಸ ಆಯುಸ್ಸು ಕೊಡುತ್ತದೆ. ಹೊರಟ ವಿಳಾಸವನ್ನು ಗೊತ್ತುಮಾಡಿದ ಒಂದಕ್ಕೆ ಬದಲಿಸುವ ಎಸ್‌ನ್ಯಾಟ್ ಬಳಸಿದ್ದರೆ ಆ ದಾಖಲೆಯಲ್ಲಿ ಸತ್ತ ಲೈನಿನ ವಿಳಾಸವೇ ಉಳಿದಿರುತ್ತದೆ. ಹೊಸ ಲೈನಿನಿಂದ ಹಳೆಯ ವಿಳಾಸ ಹೊತ್ತು ಹೋಗುವ ಪ್ಯಾಕೆಟ್‌ಗಳು ಒಂದೊಂದಾಗಿ ಕಸಕ್ಕೆ. ಬ್ರೌಸರ್ ಚೆನ್ನಾಗಿ ನಡೆಯುತ್ತಿದೆ, ಫೋನ್ ಮಾತ್ರ ಯಾರಾದರೂ ರೂಟರ್ ಆರಿಸಿ ಹಚ್ಚುವ ತನಕ ಮೂಕ. ಆಯಾ ಲೈನಿನ ವಿಳಾಸವನ್ನೇ ಹಚ್ಚುವ ಮಾಸ್ಕರೇಡ್ ಆಗಿದ್ದರೆ ಹೊರಡುವ ಇಂಟರ್‌ಫೇಸ್ ಬದಲಾದೊಡನೆ ದಾಖಲೆ ಬೀಳುತ್ತದೆ. ಎಸ್‌ನ್ಯಾಟ್ ಆದರೆ ಹೊರಳುವಾಗ ಸಂಬಂಧಪಟ್ಟ ದಾಖಲೆಗಳನ್ನು ಅಳಿಸುವ ಆಜ್ಞೆಯನ್ನು ಕೈಯಾರೆ ಬರೆದಿಟ್ಟಿರಬೇಕು.

ಯಂತ್ರದ ಒಳಗೆ ಎಲ್ಲ ತಿದ್ದಿದರೂ ಯಂತ್ರದ ಹೊರಗೊಂದು ಪ್ರಶ್ನೆ ಉಳಿಯುತ್ತದೆ. ಎರಡು ಕಂಪನಿಗಳ ಹೆಸರು ಬೇರೆ ಎಂದ ಮಾತ್ರಕ್ಕೆ ಕಂಬ ಬೇರೆಯಾಗುವುದಿಲ್ಲ. ಒಂದೇ ಓಣಿಯಲ್ಲಿ ಎರಡು ಕಂಪನಿಗಳ ಕೇಬಲ್ ಒಂದೇ ಕಂಬದಿಂದ ಒಂದೇ ಗಂಟಾಗಿ ಇಳಿಯುವುದನ್ನು ಗೋವಾದ ಯಾವ ಪೇಟೆಯಲ್ಲಾದರೂ ತಲೆಯೆತ್ತಿ ನೋಡಬಹುದು. 2021ರ ಮೇ 16ರಂದು ತೌಕ್ತೆ ಚಂಡಮಾರುತ ಗೋವಾದ ತೀರದ ಪಕ್ಕದಲ್ಲೇ ಹಾದುಹೋದಾಗ ಮರಗಳು ನೂರಾರು ಸಂಖ್ಯೆಯಲ್ಲಿ ಉರುಳಿ ರಾಜ್ಯದ ಬಹುಭಾಗದಲ್ಲಿ ಕರೆಂಟ್ ಹೋಯಿತು. ಕಂಬವೇ ಬಿದ್ದಲ್ಲಿ ಅದರ ಮೇಲಿನ ಕೇಬಲ್ಲೂ ಬೀಳುತ್ತದೆ. ಕರೆಂಟ್ ಬಾರದೆ ಬ್ಯಾಟರಿ ಮುಗಿದ ಮೊಬೈಲ್ ಟವರ್ ಕೂಡ ಸುಮ್ಮನಾಗುತ್ತದೆ. ಅಂಥ ದಿನ ಫೈಬರ್ ಒಂದು, ಸಿಮ್ ಒಂದು ಎಂಬ ಲೆಕ್ಕಾಚಾರ ಎರಡು ಕಡೆಯೂ ಒಂದೇ ವಿದ್ಯುತ್ ತಂತಿಗೆ ಕಟ್ಟುಬಿದ್ದಿರುತ್ತದೆ. ಪಣಜಿಯಿಂದ ಉತ್ತರಕ್ಕೆ ಮಾಂಡೋವಿ, ದಕ್ಷಿಣಕ್ಕೆ ಜುವಾರಿ. ಉತ್ತರಕ್ಕೋ ದಕ್ಷಿಣಕ್ಕೋ ಹೋಗುವ ಕೇಬಲ್ ಇವುಗಳಲ್ಲೊಂದನ್ನು ಎಲ್ಲೋ ಒಂದು ಕಡೆ ದಾಟಲೇಬೇಕು. 1970ರಲ್ಲಿ ತೆರೆದ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಕುಸಿದುಬಿದ್ದದ್ದನ್ನು ಕಂಡ ಊರಿಗೆ, ದಾಟುವ ಜಾಗ ಒಂದೇ ಆದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಾಗರದಾಚೆಯಿಂದ ಬರುವ ಕೇಬಲ್‌ಗಳು ದಡ ಮುಟ್ಟುವುದು ಮುಂಬೈ, ಚೆನ್ನೈ, ಕೊಚ್ಚಿಯಂಥ ಕಡೆ. ಗೋವಾದಿಂದ ಹೊರಡುವ ಪ್ಯಾಕೆಟ್ ಕರಾವಳಿ ಹಿಡಿದೋ ಘಟ್ಟ ಹತ್ತಿಯೋ ರಾಜ್ಯ ದಾಟಬೇಕು, ಅಂಥ ದಾರಿಗಳು ಬೆರಳೆಣಿಕೆಯಷ್ಟೇ. ಲೈನ್ ಕೊಳ್ಳುವ ಮುನ್ನ ವೇಗ ಕೇಳುವವರೇ ಎಲ್ಲರೂ. ಕೇಬಲ್ ಯಾವ ಕಂಬದಿಂದ ಬರುತ್ತದೆಂದು ಕೇಳುವವರು ವಿರಳ.

ಇದಕ್ಕೆಲ್ಲ ಒಂದು ಎದುರುವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಎರಡು ಲೈನ್ ಸಿಕ್ಕಿಸುವ ಅಗ್ಗದ ಡ್ಯುಯಲ್ ವ್ಯಾನ್ ರೂಟರ್‌ಗಳಿವೆ, ರೂಟರ್ ತಂತ್ರಾಂಶವಾದ ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಹಲವು ಲೈನ್ ನಡೆಸುವ ಎಂವ್ಯಾನ್3 ಇದೆ, ಸಾವಿರಾರು ಅಂಗಡಿ ಹೋಟೆಲುಗಳಲ್ಲಿ ಇವು ನಡೆಯುತ್ತಿವೆ, ಮತ್ತೇನು ಬೇಕು? ನಿಜ, ನಡೆಯುತ್ತಿವೆ. ಒಳಗಿನಿಂದ ಹೊರಗೆ ಹೋಗುವ ಬ್ರೌಸಿಂಗ್ ಮಾತ್ರ ಇದ್ದರೆ, ಹೊರಳುವಾಗ ಒಮ್ಮೆ ಪುಟ ರಿಫ್ರೆಶ್ ಮಾಡಲು ಬೇಸರವಿಲ್ಲದಿದ್ದರೆ, ಅವು ಸಾಕು. ಆದರೆ ಅವು ನಡೆಯುವುದು ಎರಡು ಲೈನ್ ಇದೆ ಎಂಬ ಕಾರಣಕ್ಕಲ್ಲ. ಎಂವ್ಯಾನ್3 ಬರೆಯುವುದು ಇದೇ ಪಟ್ಟಿ, ಇದೇ ನಿಯಮ, ಇದೇ ಗುರುತುಗಳನ್ನು. ಬೇರೆ ಪೆಟ್ಟಿಗೆಗಳೂ ಇದೇ ಬಗೆಯ ಕೆಲಸ ಮಾಡಿಯೇ ನಡೆಯಬೇಕು. ಪೆಟ್ಟಿಗೆ ಕೊಂಡವರಿಗೆ ಆ ನಿಯಮಗಳು ಕಾಣದಿರುವುದು ಅನುಕೂಲ, ಅವು ಇಲ್ಲವೆಂದು ಸಾಧಿಸುವುದು ಅಜ್ಞಾನ. ಐಪಿವಿ6 ಬಂದೊಡನೆ ಈ ಅನುಕೂಲವೂ ತೆಳುವಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ನ್ಯಾಟ್ ಇರುವುದಿಲ್ಲ. ಪ್ರತಿಯೊಂದು ಕಂಪನಿಯೂ ತನ್ನ ಸರಣಿ ಕೊಡುತ್ತದೆ. ಒಳಗಿನ ಪ್ರತಿ ಲ್ಯಾಪ್‌ಟಾಪ್‌ಗೆ ಎರಡು ಸರಣಿಗಳ ಎರಡು ವಿಳಾಸ. ಯಾವುದನ್ನು ಹೊತ್ತು ಹೊರಡಬೇಕೆಂದು ಲ್ಯಾಪ್‌ಟಾಪ್ ನಿರ್ಧರಿಸುತ್ತದೆ, ಯಾವ ಲೈನೆಂದು ರೂಟರ್ ನಿರ್ಧರಿಸುತ್ತದೆ, ಎರಡೂ ಹೊಂದದಿದ್ದರೆ ಪ್ಯಾಕೆಟ್ ಸಾಯುತ್ತದೆ. 2016ರ ಆರ್‌ಎಫ್‌ಸಿ 8028 ಹುಟ್ಟಿದ್ದೇ ಈ ತೊಡಕಿನಿಂದ.

ವಿಳಾಸ ಬದಲಾಗದೆ ಲೈನ್ ಮಾತ್ರ ಬದಲಾಗಬೇಕೆಂದರೆ ಎರಡು ದಾರಿಗಳಿವೆ. ಒಂದು, ಸ್ವಂತ ವಿಳಾಸ ಸರಣಿ ಮತ್ತು ಎಎಸ್ ಸಂಖ್ಯೆ ಪಡೆದು ಎರಡು ಕಂಪನಿಗಳೊಂದಿಗೂ ಆ ಸರಣಿಯ ದಾರಿ ಸಾರುವ ಬಿಜಿಪಿ ನಡೆಸುವುದು. ಭಾರತದಲ್ಲಿ ಇವನ್ನು ಕೊಡುವುದು ಐಆರ್‌ಐಎನ್‌ಎನ್. ವಿಶ್ವವಿದ್ಯಾಲಯಕ್ಕೋ ದೊಡ್ಡ ಕಂಪನಿಗೋ ಇದು ಸರಿ, ಕಲಂಗುಟ್‌ನ ಅತಿಥಿಗೃಹಕ್ಕಲ್ಲ. ಇನ್ನೊಂದು, ಮುಂಬೈಯಂಥ ಕಡೆ ಒಂದು ಬಾಡಿಗೆ ಸರ್ವರ್ ಇಟ್ಟುಕೊಂಡು ಎರಡೂ ಲೈನ್‌ಗಳ ಮೇಲೆ ಅಲ್ಲಿಗೆ ವಿಪಿಎನ್ ಸುರಂಗ ಹಾಕುವುದು. ಹೊರಗೆ ಕಾಣುವುದು ಮುಂಬೈಯ ವಿಳಾಸ, ಆದ್ದರಿಂದ ಸುರಂಗ ಹೊರಳಿದರೂ ಸಂಪರ್ಕ ಬದುಕುತ್ತದೆ. ಸ್ವಲ್ಪ ಖರ್ಚು, ಸ್ವಲ್ಪ ವಿಳಂಬ. ಜೊತೆಗೆ ಆ ಬಾಡಿಗೆ ಸರ್ವರ್ ಬಿದ್ದರೆ ಎರಡೂ ಲೈನ್ ಇದ್ದೂ ಇಲ್ಲದಂತೆ.

ಉಳಿದವರಿಗೆ ಹೊಂದುವುದು ಸಮನಾಗಿ ಹಂಚುವುದಲ್ಲ, ಕೆಲಸ ನೋಡಿ ಹಂಚುವುದು. ಅತಿಥಿಗಳ ವೈಫೈ ಒಂದು ಲೈನಿಗೆ, ಕಚೇರಿಯ ಬಿಲ್ಲಿಂಗ್ ಮತ್ತು ಫೋನ್ ಇನ್ನೊಂದಕ್ಕೆ. ಪ್ರತಿಯೊಂದಕ್ಕೂ ತನ್ನ ಲೈನ್ ಬಿದ್ದಾಗ ಎಲ್ಲಿಗೆ ಹೊರಳಬೇಕು, ಅಥವಾ ಹೊರಳದೆ ಸುಮ್ಮನಿರಬೇಕೇ ಎಂಬ ಮಾತು ಮೊದಲೇ ಬರೆದಿರಬೇಕು. ಅತಿಥಿಗಳ ಸಿನಿಮಾ ಸಿಮ್‌ನ ದಿನದ ಕೋಟಾ ನುಂಗಿದರೆ ಕೆಲಸದವರಿಗೆ ಏನೂ ಉಳಿಯದು. ಲೈನ್ ಬದುಕಿದೆಯೇ ಎಂದು ನೋಡುವ ಪರೀಕ್ಷೆ ಗೇಟ್‌ವೇಗೆ ಪಿಂಗ್ ಮಾಡಿ ನಿಲ್ಲಬಾರದು. ಗೇಟ್‌ವೇ ಎಂದರೆ ಹಲವೆಡೆ ಪಕ್ಕದ ಮೇಜಿನ ಪೆಟ್ಟಿಗೆಯೇ. ಆಯಾ ಇಂಟರ್‌ಫೇಸ್‌ಗೆ ಕಟ್ಟಿ ದೂರದ ಎರಡು ಮೂರು ವಿಳಾಸಗಳನ್ನು ಕೇಳಬೇಕು, ಕೆಲವು ಬಾರಿ ಸತತವಾಗಿ ಸೋತರೆ ಮಾತ್ರ ಹೊರಳಬೇಕು. ಇಲ್ಲದಿದ್ದರೆ ಮಳೆಯಲ್ಲಿ ಮಿಣುಕುವ ಲೈನ್ ಇಡೀ ಸಂಜೆ ಆಚೀಚೆ ಹೊರಳಿ, ಹೀಗೆ ಹೊರಳುವ ಎರಡು ಲೈನ್‌ಗಳಿಗಿಂತ ಒಂದು ಕೆಟ್ಟ ಲೈನೇ ವಾಸಿ ಎನ್ನಿಸುತ್ತದೆ.

ಬರೆದ ನಿಯಮ ಸರಿಯಿದೆಯೇ ಎಂದು ತಿಳಿಯಲು ಐಪಿ ರೂಟ್ ಗೆಟ್ ಆಜ್ಞೆಗೆ ಹೊರಟ ವಿಳಾಸ, ಗುರುತು ಎರಡನ್ನೂ ಕೊಟ್ಟು ಕೇಳಬೇಕು. ಕರ್ನಲ್ ಯಾವ ಲೈನ್ ಆರಿಸುತ್ತದೆಂದು ನೇರವಾಗಿ ಹೇಳುತ್ತದೆ. ಟಿಸಿಪಿಡಂಪ್ ಎರಡೂ ಇಂಟರ್‌ಫೇಸ್‌ಗಳ ಮೇಲೆ ಒಟ್ಟಿಗೆ ಓಡಿದರೆ ಉತ್ತರ ಎಲ್ಲಿಂದ ಹೊರಟಿತೆಂದು ಕಾಣುತ್ತದೆ. ಲೈನ್ ಕಡಿದು ನೋಡುವ ಪರೀಕ್ಷೆಯನ್ನು ಕಂಪ್ಯೂಟರಿನ ತಂತಿ ಕಿತ್ತು ಮಾಡಿದರೆ ಪ್ರಯೋಜನವಿಲ್ಲ, ಅದು ಎಲ್ಲಕ್ಕಿಂತ ಸುಲಭದ ಸಾವು. ಫೈಬರ್ ಪೆಟ್ಟಿಗೆಯ ಹಿಂದಿನ ಫೈಬರನ್ನೇ ತೆಗೆದು, ಮುಂದಿನ ತಂತಿಯನ್ನು ಹಾಗೇ ಬಿಟ್ಟು ನೋಡಬೇಕು. ಕೊನೆಗೆ ಡಿಎನ್‌ಎಸ್ ಕೂಡ ನೋಡಬೇಕು. ಒಂದು ಕಂಪನಿಯ ಡಿಎನ್‌ಎಸ್ ಸರ್ವರ್ ಇನ್ನೊಂದು ಕಂಪನಿಯ ವಿಳಾಸದಿಂದ ಬಂದ ಪ್ರಶ್ನೆಗೆ ಉತ್ತರಿಸದೆ ಇರುವುದು ಸಾಮಾನ್ಯ. ಎಲ್ಲ ನಿಯಮ ಸರಿಯಿದ್ದು, ದಾರಿ ಸರಿಯಾಗಿ ಹೊರಳಿ, ಸಂಖ್ಯೆಯ ವಿಳಾಸಕ್ಕೆ ಪಿಂಗ್ ಹೋಗುತ್ತಿದ್ದರೂ ಹೆಸರು ಹೊಡೆದರೆ ತಾಣ ತೆರೆಯದಿರಲು ಕಾರಣ ಅದು. ಎರಡೂ ಲೈನ್‌ಗಳಿಂದ ಸಿಗುವ ಸಾರ್ವಜನಿಕ ಡಿಎನ್‌ಎಸ್‌ ಅಥವಾ ಲೈನಿಗೊಂದರಂತೆ ಕಟ್ಟಿದ ರಿಸಾಲ್ವರ್ ಇಟ್ಟರೆ ಅದೂ ತೀರುತ್ತದೆ.